ನಾಗೇಂದ್ರಪ್ಪನವರ ಬಲಗಾಲು

ಸೇಡಮ್ಮಿನಲ್ಲಿ ನಾಗೇಂದ್ರಪ್ಪನವರ ಹೆಸರು ಗೊತ್ತಿಲ್ಲದವರು ಇರಬಹುದು, ಅವರ ಬಲಗಾಲು ಗೊತ್ತಿಲ್ಲದವರು ಇಲ್ಲ. ಗೊಬ್ಬರದಂಗಡಿಯ ಈ ಮಾಲೀಕರು ಯಾವುದೇ ವಾಹನದ ಗಾಲಿಗೆ ಒಮ್ಮೆ ಒದ್ದರೆ ಸಾಕು, ಒಳಗಿನ ಗಾಳಿ ಎಷ್ಟು, ರಬ್ಬರಿನ ಆಯುಸ್ಸು ಎಷ್ಟು, ಮುಂದಿನ ಪಂಕ್ಚರ್ ಯಾವ ಊರಿನ ಸೀಮೆಯಲ್ಲಿ ಎಂಬುದೆಲ್ಲ ಹೆಬ್ಬೆರಳಿನಿಂದ ಏರಿ, ಮಂಡಿಯಲ್ಲಿ ಕ್ಷಣಕಾಲ ವಿಶ್ರಮಿಸಿ, ನೇರ ಮಿದುಳಿಗೆ ಮುಟ್ಟುತ್ತದೆಂದು ಪ್ರತೀತಿ. ಆಡಕಿಯ ಜೀಪಿನವನೊಬ್ಬ ಒಮ್ಮೆ ಇವರ ಎಚ್ಚರಿಕೆ ಕೇಳದೆ ಹೋಗಿ, ಊರ ಹೊರಗಿನ ಸೇತುವೆ ದಾಟುವಷ್ಟರಲ್ಲಿ ಹಿಂದಿನ ಗಾಲಿ ಢಮ್ಮೆನ್ನಿಸಿಕೊಂಡಿದ್ದ. ನಡೆದದ್ದು ಅಷ್ಟೇ. ಆದರೆ ಆ ಸುದ್ದಿ ಚಿತ್ತಾಪುರ ತಲುಪುವಾಗ ಜೀಪು ಲಾರಿಯಾಗಿತ್ತು. ವಾಡಿ ಜಂಕ್ಷನ್ನಿನಲ್ಲಿ ಲಾರಿ ಸಿಮೆಂಟಿನ ಟ್ಯಾಂಕರಾಯಿತು. ಶಹಾಬಾದಿನ ಕಲ್ಲುಗಣಿಯವರ ಬಾಯಿಗೆ ಬೀಳುವ ಹೊತ್ತಿಗೆ ನಾಗೇಂದ್ರಪ್ಪನವರು ಗಾಲಿಯನ್ನು ಮುಟ್ಟಿಯೇ ಇರಲಿಲ್ಲ, ರಸ್ತೆಯ ಆಚೆ ದಂಡೆಯಿಂದ ಕಾಲು ಎತ್ತಿ ತೋರಿಸಿದ್ದರು.

ಒದೆತಕ್ಕೂ ಒಂದು ಶಾಸ್ತ್ರವಿತ್ತು. ಹಣೆಗೆ ವಿಭೂತಿ ಬಿದ್ದ ಮೇಲೆ, ಹೊಟ್ಟೆಗೆ ಚಹಾ ಬೀಳುವ ಮೊದಲು ಒದೆಯಬೇಕು. ಒಂದು ಗಾಲಿಗೆ ದಿನಕ್ಕೆ ಒಂದೇ ಒದೆತ. ಎರಡನೆಯ ಸಲ ಒದೆಯುವುದೆಂದರೆ ಮೊದಲ ತೀರ್ಪನ್ನು ವಾಪಸು ಪಡೆದಂತೆ, ಮತ್ತು ಅಂಥ ಅಪಮಾನ ಆ ಕಾಲಿನ ಚರಿತ್ರೆಯಲ್ಲೇ ಇರಲಿಲ್ಲ. ದೂರದೂರಿಗೆ ಹೊರಟವರು ಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, "ಕಾಕಾ, ಒಂದೀಟು ಒದ್ದ್ ಕಳಸ್ರಿ" ಎಂದು ಕೈಮುಗಿಯುತ್ತಿದ್ದರು. (ಒಬ್ಬ ಮದುಮಗ ತಾಳಿ ಕಟ್ಟಲು ಹೊರಟ ಗಾಡಿಯನ್ನೂ ಒದೆಸಿಕೊಂಡು ಹೋದನಂತೆ. ಮದುವೆ ಹೇಗೆ ನಡೆಯುತ್ತಿದೆಯೋ ತಿಳಿಯದು, ಟಾಯರು ಚೆನ್ನಾಗಿಯೇ ನಡೆದವು.)

ಊರಿಗೆಲ್ಲ ಆ ಕಾಲಿನ ಮೇಲೆ ನಂಬಿಕೆ. ನಂಬಿಕೆ ಇಲ್ಲದವರು ಒಬ್ಬರೇ. ಅದೇ ಕಾಲಿಗೆ ವಾರಕ್ಕೊಮ್ಮೆ ಎಣ್ಣೆ ತಿಕ್ಕುವ ಧರ್ಮಪತ್ನಿ ಗುರುಲಿಂಗಮ್ಮ.

ಗುರುಲಿಂಗಮ್ಮನ ದುಃಖ ಇಷ್ಟೇ. ಊರ ಗಾಡಿಗಳೆಲ್ಲ ಟಾಯರು ಬದಲಿಸಿಕೊಂಡು ಹೊಸ ಗೆರೆ ಮೂಡಿಸಿಕೊಂಡು ತಿರುಗುವಾಗ, ಮನೆಯ ಬಿಳಿ ಕಾರಿನ ನಾಲ್ಕೂ ಟಾಯರು ಅವರ ಮಾವನವರ ತಲೆಯಂತೆ ನುಣ್ಣಗಾಗಿ ಹೊಳೆಯುತ್ತಿದ್ದವು. ಹೇಳಿದರೆ ಗಂಡ ಎದ್ದುಹೋಗಿ ಒಂದು ಒದ್ದು, "ಇನ್ನೂ ಒಂದ್ ಮಳಿಗಾಲ ಅದ" ಎಂದು ಆಯುಸ್ಸು ಮಂಜೂರು ಮಾಡಿ ಬರುತ್ತಿದ್ದರು. ಹೀಗೆ ಮಳೆಗಾಲದ ಮೇಲೆ ಮಳೆಗಾಲ ಕಳೆದಿತ್ತು. ಇಷ್ಟು ದಿನ ಗುರುಲಿಂಗಮ್ಮ ಸಹಿಸಿಕೊಂಡಿದ್ದರು. ಆದರೆ ಈಗ ಚಿಂಚೋಳಿಯಿಂದ ಮಗಳು ಶೈಲಶ್ರೀಯನ್ನು ಕರೆತರಬೇಕಿತ್ತು. ಸೀಮಂತದ ಕುಬಸ ಕಾರ್ಯ ಮುಗಿದಿತ್ತು, ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬೀಗರಾದ ಕಾಶೀನಾಥರು "ಇಲ್ಲೇ ಆಗ್ಲಿ ಬಿಡ್ರಿ, ಅಷ್ಟು ದೂರ ಯಾಕ" ಎಂದು ಎಳೆದಾಡಿ ಕೊನೆಗೆ ಒಪ್ಪಿದ್ದರು. ತುಂಬು ಬಸುರಿಯನ್ನು ಆ ಬೋಳು ಟಾಯರಿನ ಮೇಲೆ ಕೂಡಿಸುವುದೆಂದರೆ ಗುರುಲಿಂಗಮ್ಮನಿಗೆ ಆಗದ ಮಾತು.

ಹೊರಡುವ ಹಿಂದಿನ ಸಂಜೆ ಅವರಿಗೊಂದು ಅದ್ಭುತ ವಿಚಾರ ಹೊಳೆಯಿತು. ಕಾಲನ್ನು ಸುಳ್ಳಾಗಿಸಬಾರದು, ಕಾಲಿನ ಬಾಯಿಂದಲೇ ನಿಜ ಹೇಳಿಸಬೇಕು. ಗಾಳಿ ಕಡಿಮೆ ಮಾಡಿಟ್ಟರೆ ಬೆಳಿಗ್ಗೆ ಒದ್ದಾಗ ಕಾಲಿಗೆ ಮೆತ್ತಗೆ ತಾಗುತ್ತದೆ. ಗಂಡ ತಾವೇ "ಟಾಯರು ಹೋಗ್ಯದ" ಅನ್ನುತ್ತಾರೆ. ಅವರ ಮಾನವೂ ಉಳಿಯಿತು, ಹೊಸ ಟಾಯರೂ ಬಂತು. ತುಳಸಿಗೆ ನೀರು ಹಾಕುವ ನೆಪದಲ್ಲಿ ಅಂಗಳಕ್ಕಿಳಿದ ಗುರುಲಿಂಗಮ್ಮ, ಮುಂದಿನ ಎಡಗಾಲಿಯ ಮುಚ್ಚಳ ತಿರುವಿ, ತುರುಬಿನ ಹೇರ್‌ಪಿನ್ ತೆಗೆದು ಒತ್ತಿದರು. ಸುಸ್ಸೆಂದು ಗಾಳಿ ಹೊರಟಿತು. ಸ್ವಲ್ಪವೇ ಬಿಡಬೇಕೆಂದಿದ್ದರು, ಆದರೆ ವರ್ಷಗಳ ಸಿಟ್ಟು ಬೆರಳಿನಲ್ಲಿ ಕುಳಿತಿತ್ತು. ಟಾಯರಿನ ಉಸಿರು ಅರ್ಧಕ್ಕಿಳಿಯಿತು.

ಬೆಳಿಗ್ಗೆ ನಾಗೇಂದ್ರಪ್ಪನವರು ವಿಭೂತಿ ಧರಿಸಿ ಬಂದರು. ಮೂರು ಗಾಲಿಗಳನ್ನು ಒದ್ದು ನಾಲ್ಕನೆಯದಾಗಿ ಮುಂದಿನ ಎಡಗಾಲಿಗೆ ಒದ್ದರು. ಗುರುಲಿಂಗಮ್ಮ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದರು. ಕಣ್ಣುಮುಚ್ಚಿ ಕಾಲಿನ ಮಾತು ಆಲಿಸಿದ ನಾಗೇಂದ್ರಪ್ಪನವರು ತೀರ್ಪು ಕೊಟ್ಟರು.

"ಕಬ್ಬಿಣ ಅದ."

ಆ ಒಂದು ಮಾತಿನಿಂದ ಗುರುಲಿಂಗಮ್ಮನಿಗೆ ಎರಡು ಸಂಗತಿ ಗೊತ್ತಾದವು. ಒಂದು, ಊರೇ ಕೈಮುಗಿಯುವ ಈ ಕಾಲಿಗೆ ಕಬ್ಬಿಣಕ್ಕೂ ಕಡಬಿಗೂ ವ್ಯತ್ಯಾಸ ಗೊತ್ತಿಲ್ಲ. ಎರಡು, ತಾವೇ ಗಾಳಿ ತೆಗೆದ ಗಾಲಿಯ ಮೇಲೆ ಈಗ ಚಿಂಚೋಳಿಗೆ ಹೋಗಬೇಕು.

"ಒಂದ್ಸಲ ಬಗ್ಗಿ ನೋಡ್ರಿ. ಕೆಳಗ ಹಪ್ಪಳ ಆದಂಗ ಕಾಣಾಕತ್ತದ."

"ಕಣ್ಣಿಗೇನ್ ತಿಳೀತದ ಹುಚ್ಚಿ," ಎಂದರು ನಾಗೇಂದ್ರಪ್ಪ. "ಕಾಲು ಹೇಳ್ಯದ."

ಅತ್ತು ಕರೆದು ಗುರುಲಿಂಗಮ್ಮ ಕಾರನ್ನು ಮೆಹತಾಬನ ಟಾಯರಂಗಡಿಯ ಮುಂದೆ ನಿಲ್ಲಿಸುವಂತೆ ಮಾಡಿದರು. ಗಾಳಿ ಪೈಪು ಹಿಡಿದು ಓಡಿಬಂದ ಮೆಹತಾಬ್ ಒಳಗೆ ಕುಳಿತವರನ್ನು ಕಂಡು ಅಲ್ಲೇ ನಿಂತ.

"ಸೇಠರು ಒದ್ದಾರೇನ್ರಿ ಅಮ್ಮಾ?"

"ಒದ್ದಾರಪ್ಪ. ಆದ್ರೂ ನೀ ಒಮ್ಮಿ ಮೀಟರ್ ಹಚ್ಚಿ ನೋಡು."

"ಅವರು ಒದ್ದ ಗಾಲಿಗಿ ನಾ ಮೀಟರ್ ಹಚ್ಚಿದ್ರ ಊರಾಗ ನಂಗ್ಯಾರು ಗಿರಾಕಿ ಬರ್ತಾರ್ರಿ," ಎಂದು ಮೆಹತಾಬ್ ಪೈಪನ್ನು ಸುತ್ತಿ ಗೋಡೆಗೆ ನೇತುಹಾಕಿದ. ನಾಗೇಂದ್ರಪ್ಪನವರು ಗಂಭೀರವಾಗಿ ತಲೆಯಾಡಿಸಿ ಗೇರು ಹಾಕಿದರು.

ಆಗಲೇ ನಿಜ ಹೇಳಿಬಿಡಬಹುದಿತ್ತು. ಗುರುಲಿಂಗಮ್ಮ ಬಾಯಿಯನ್ನೂ ತೆರೆದರು. ಆದರೆ ಅಂಗಡಿಯ ಮುಂದೆ ಓಣಿಯ ಅರ್ಧ ಜನ ನಿಂತಿದ್ದರು. ಮಗಳನ್ನು ತರಲು ಹೊರಟ ಗಾಡಿಯ ಗಾಳಿಯನ್ನು ತಾಯಿಯೇ ತೆಗೆದಳು ಎಂಬ ಸುದ್ದಿ ವಾಡಿ ಜಂಕ್ಷನ್ ತಲುಪುವಾಗ ಏನಾಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿದರು.

ಅಲ್ಲಿಂದಾಚೆಗೆ ಅವರು ಮಾಡಿದ ಪ್ರಯಾಣ ದಂಡಯಾತ್ರೆಗೆ ಸಮ. ಎಡಗಡೆಯ ಮುಂದಿನ ಆಸನ ಬಿಟ್ಟು ಹಿಂದೆ ಹೋಗಿ ಬಲತುದಿಗೆ ಅಂಟಿಕೊಂಡು ಕುಳಿತರು. ತಮ್ಮ ತೂಕದ ಬಗ್ಗೆ ಯಾರು ಮಾತೆತ್ತಿದರೂ ಮುನಿಸಿಕೊಳ್ಳುತ್ತಿದ್ದ ಆ ಮಾನಿನಿ, ಅಂದು ತಮ್ಮ ಇಡೀ ಭಾರವನ್ನು ಸ್ವಯಂ ಇಚ್ಛೆಯಿಂದ ಎಡಗಾಲಿಯ ವಿರುದ್ಧ ಹೂಡಿದರು. ಗುಂಡಿ ಬಂದಾಗಲೆಲ್ಲ ಆಸನದಿಂದ ಒಂದು ಗೇಣು ಮೇಲೆದ್ದು, ದಾಟಿದ ಮೇಲೆ ಮೆಲ್ಲಗೆ ಕೂರುತ್ತಿದ್ದರು. ಇಕ್ಕೆಲದ ತೊಗರಿ ಹೊಲದಲ್ಲಿ ಹಂದಿ ಓಡಿಸಲು ಹಚ್ಚಿದ ಒಂದು ಪಟಾಕಿ ಸಿಡಿದರೂ "ಬಸವಾ" ಎನ್ನುತ್ತಿದ್ದರು. "ಏನಾಗ್ಯದ ನಿನಗ?" ಎಂದು ಗಂಡ ಕೇಳಿದರೆ, ಗಾಳಿ ಎಂದು ಹೇಳಲು ಹೋಗಿ ಗ್ಯಾಸು ಎಂದರು.

ಚಿಂಚೋಳಿ ಬಂತು. ಗಾಲಿ ಒಡೆಯಲಿಲ್ಲ. ಗುರುಲಿಂಗಮ್ಮ ಕಾರಿನಿಂದಿಳಿದು ನೆಲ ಮುಟ್ಟಿ ನಮಸ್ಕರಿಸಿದ್ದನ್ನು ಬೀಗರು ತಮ್ಮ ಮನೆತನಕ್ಕೆ ಸಂದ ಗೌರವವೆಂದು ತಿಳಿದು ಸಂತೋಷಪಟ್ಟರು. ಕಾಶೀನಾಥರು ಅಂಗಳಕ್ಕೆ ಹೊಸ ಶಹಾಬಾದ್ ಕಲ್ಲು ಹಾಕಿಸುತ್ತಿದ್ದರು. ಕಲ್ಲು ಒಡೆದ ಚೂರುಗಳು ಎಲ್ಲೆಲ್ಲೂ ಚೆಲ್ಲಿದ್ದರಿಂದ ಜನ ಕೊಕ್ಕರೆಯಂತೆ ಕಾಲೆತ್ತಿಟ್ಟು ನಡೆಯುತ್ತಿದ್ದರು. ಹೂರಣದ ಹೋಳಿಗೆಯನ್ನು ಗುರುಲಿಂಗಮ್ಮ ಎಲೆಯ ಅಂಚಿಗೆ ಸರಿಸಿದರು. ಬಂದದ್ದೇನೋ ಆಯಿತು, ಹೋಗುವಾಗ ಆ ಗಾಲಿಯ ಮೇಲೆ ಮಗಳು, ಮಗಳ ಹೊಟ್ಟೆಯಲ್ಲಿ ಮೊಮ್ಮಗು. ಅವರು ನಿರ್ಧರಿಸಿದರು. ಮಾನ ಹೋದರೆ ಹೋಗಲಿ, ಶೈಲಶ್ರೀ ಕಾರಿನ ಬಾಗಿಲಿಗೆ ಕೈ ಹಚ್ಚುವ ಮೊದಲು ಎಲ್ಲರೆದುರು ಹೇಳಿಬಿಡುತ್ತೇನೆ.

ಉಡಿ ತುಂಬಿಸಿಕೊಂಡ ಶೈಲಶ್ರೀ ಮೆಲ್ಲಗೆ ಹೊರಗೆ ಬಂದಳು. ಬೀಗರು, ಬೀಗಿತ್ತಿ, ಅಳಿಯ, ಕಲ್ಲು ಹಾಕುವವರು ಎಲ್ಲರೂ ನಿಂತಿದ್ದರು. ಗುರುಲಿಂಗಮ್ಮ ಮುಂದೆ ಬಂದು, "ಒಂದು ಮಾತು ಹೇಳೂದದ್ರಿ" ಎಂದು ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ನಾಗೇಂದ್ರಪ್ಪನವರು ಅಂಗಳ ದಾಟಿ ಬರುತ್ತಿದ್ದವರು ಮುಂದಿನ ಎಡಗಾಲಿಯ ಹತ್ತಿರ ತಟಕ್ಕನೆ ನಿಂತರು. ಮುಖ ಕಿವುಚಿಕೊಂಡಿತು. ಬಲಗಾಲು ಎದ್ದಿತು. ಗಾಲಿಗೆ ಧಡ್ಡೆಂದು ಒದ್ದರು.

ಅದೇ ಗಾಲಿಗೆ, ಅದೇ ದಿನ, ಎರಡನೆಯ ಒದೆತ. ಆ ಕಾಲಿನ ಕೀರ್ತಿ ಚಿಂಚೋಳಿಗೂ ಸಾಕಷ್ಟು ಬೆಳೆದೇ ಬಂದಿತ್ತು. ನಾಗೇಂದ್ರಪ್ಪನವರು ಏನೋ ಹೇಳಲು ಬಾಯಿ ತೆರೆದರು, ಆದರೆ ಕಾಶೀನಾಥರು ಕೈ ಎತ್ತಿ ತಡೆದರು.

"ಹೇಳೂದು ಬ್ಯಾಡ್ರಿ ಬೀಗರ. ನೀವು ಎರಡು ಸಲ ಒದ್ದ್ರಿ ಅಂದ್ರ ನಮಗ ತಿಳೀತು. ಏ, ಕಲೀಮ್‌ಗ ಕರೀರಿ."

ಮಗ್ಗುಲ ಓಣಿಯ ಪಂಕ್ಚರ್ ಅಂಗಡಿಯ ಕಲೀಮ್ ಜಾಕಿನೊಡನೆ ಬಂದು ಗಾಲಿ ಬಿಚ್ಚಿ ಮಗುಚಿ ಹಾಕಿದ. ಟಾಯರಿನ ಒಳಮಗ್ಗುಲು ಅಂಗೈ ಉದ್ದಕ್ಕೆ ಸೀಳಿ, ಒಳಗಿನ ದಾರ ಕಾಣುತ್ತಿತ್ತು. ಒಂದು ಕಡೆ ಬದನೆಕಾಯಿಯಂತೆ ಉಬ್ಬಿತ್ತು.

"ಗಾಳಿ ಕಮ್ಮಿ ಇಟ್ಟು ಓಡಿಸ್ಯಾರ್ರಿ," ಎಂದ ಕಲೀಮ್. "ಮೊದಲೇ ಸವದ ಟಾಯರ್, ಬೆಂದು ಹರದದ. ವಾಪಸ್ ಹೋಗೂದ್ರಾಗ ಒಡೀತಿತ್ತು."

ಬೀಗಿತ್ತಿ ಶೈಲಶ್ರೀಯ ನೆತ್ತಿ ನೇವರಿಸಿ ಲಟಿಕೆ ಮುರಿದರು. ಕಾಶೀನಾಥರು ಗದ್ಗದಿತರಾಗಿ, ಇಂಥ ಕಾಲಿರುವ ತಂದೆಯ ಮನೆಗೆ ಸೊಸೆಯನ್ನು ಕಳಿಸಲು ತಮಗೆ ಯಾವ ಅಂಜಿಕೆಯೂ ಇಲ್ಲವೆಂದರು. ಆದರೆ ನಾಲ್ಕೂ ಟಾಯರು ಹೊಸವು ಆಗಲೇಬೇಕು. ಅಷ್ಟು ಹೊಗಳಿಸಿಕೊಂಡ ಕಾಲಿಗೆ ಇಲ್ಲವೆನ್ನಲು ದಾರಿಯೇ ಇರಲಿಲ್ಲ. ಹೊತ್ತು ಇಳಿಯುವುದರೊಳಗೆ ನಾಲ್ಕು ಹೊಸ ಟಾಯರು ಕಪ್ಪಗೆ ಮಿರಮಿರ ಮಿಂಚುತ್ತ ಕಾರಿನಡಿ ಕುಳಿತವು.

ಸೇಡಮ್ಮಿನ ದಾರಿಯಲ್ಲಿ ಕಾರು ರೇಷ್ಮೆಯ ಮೇಲೆ ಜಾರಿದಂತೆ ಓಡುತ್ತಿತ್ತು. ಶೈಲಶ್ರೀ ಹಿಂದೆ ಹಾಯಾಗಿ ನಿದ್ದೆಹೋಗಿದ್ದಳು. ಗುರುಲಿಂಗಮ್ಮ ಮುಂದಿನ ಎಡ ಆಸನದಲ್ಲಿ ಪೂರ್ತಿ ಭಾರ ಬಿಟ್ಟು ಕುಳಿತಿದ್ದರು. ಕಣ್ಣಲ್ಲಿ ನೀರು, ಎದೆಯಲ್ಲಿ ನೆಮ್ಮದಿ. ಜೊತೆಗೆ ಒಂದು ಮುಳ್ಳು. ಬೆಳಿಗ್ಗೆ ಈ ಕಾಲಿಗೆ ಏನೂ ಗೊತ್ತಿಲ್ಲವೆಂದುಕೊಂಡಿದ್ದೆನಲ್ಲ. ಅದಕ್ಕೆ ಎಲ್ಲ ಗೊತ್ತಿತ್ತು. ನನ್ನ ಬಾಯಿಂದಲೇ ಬರಲಿ ಎಂದು ದಾರಿಯುದ್ದಕ್ಕೂ ಕಾಯ್ದಿತ್ತು. ನಾನು ಬಾಯಿ ಬಿಡುವಾಗಲೇ ನನ್ನ ಮಾನ ಉಳಿಸಲು ಒದ್ದಿತು. ಗಂಡನಿಗೆ ಕಾಣದಂತೆ ಅವರು ಆಕ್ಸಿಲರೇಟರಿನ ಮೇಲಿದ್ದ ಬಲಗಾಲಿಗೆ ಕೈ ಜೋಡಿಸಿದರು. ಇನ್ನು ಮುಚ್ಚಿಡುವುದು ಮಹಾಪಾಪವೆನಿಸಿತು.

"ನಿಮ್ಮ ಕಾಲಿಗಿ ಎಲ್ಲಾ ತಿಳದದ, ನಂಗ ಗೊತ್ತು," ಎಂದರು ಸೆರಗಿನಿಂದ ಕಣ್ಣೊರೆಸಿಕೊಂಡು. "ನಿನ್ನಿ ಸಂಜಿಗಿ ಹೇರ್‌ಪಿನ್ ಚುಚ್ಚಿ ಗಾಳಿ ಬಿಟ್ಟಾಕಿ ನಾನೇರಿ. ತಪ್ಪಾಯ್ತು."

ನಾಗೇಂದ್ರಪ್ಪನವರು ಕಾರನ್ನು ನಿಧಾನ ಮಾಡಿ ಹೆಂಡತಿಯ ಮುಖ ನೋಡಿದರು.

"ಯಾವ ಹೇರ್‌ಪಿನ್?"

ಗುರುಲಿಂಗಮ್ಮ ಕಣ್ಣಿನಿಂದ ಸೆರಗು ಇಳಿಸಿದರು.

"ಮತ್ತ ಅಲ್ಲಿ ಎರಡನೇ ಸಲ ಯಾಕ ಒದ್ದ್ರಿ?"

"ಚಪ್ಪಲ್ಯಾಗ ಕಲ್ಲು ಹೊಕ್ಕಿತ್ತು," ಎಂದರು ನಾಗೇಂದ್ರಪ್ಪ. "ಝಾಡಿಸಿದೆ."