ಬಿಗಿ ಬೂಟು, ಮೆತ್ತನೆ ಪಟ್ಟಿ

ಸಂಸಾರದ ಬಗ್ಗೆ ನನ್ನದೊಂದು ಸಿದ್ಧಾಂತವಿತ್ತು: ಒಬ್ಬರು ಬಿಗಿಯಾಗಿದ್ದರೆ ಇನ್ನೊಬ್ಬರು ಮೆತ್ತಗಿರಬೇಕು. ನಮ್ಮ ಮನೆಯಲ್ಲಿ ಬಿಗಿ ನಾನು, ಮೆತ್ತಗೆ ಹೆಂಡತಿ ಸುಮಿತ್ರಾ ಎಂದು ನಂಬಿಕೊಂಡಿದ್ದೆ. ಹಟಮಾರಿ ಮಗಳು ಕಾವೇರಿಗೆ ನಂದಗಡದ ಮಿತಭಾಷಿ ಹುಡುಗನನ್ನು ಹುಡುಕಿದ್ದೂ ಇದೇ ಲೆಕ್ಕದಲ್ಲಿ. ಅಷ್ಟಕ್ಕೇ ಸುಮ್ಮನಿರದೆ ಸಿದ್ಧಾಂತವನ್ನು ಹಿಮಕ್ಕೂ ಅನ್ವಯಿಸಲು ಹೋದೆ.

ಮಚ್ಛೆಯ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆಯವನು. ಹಿಮದ ಮೇಲೆ ಜಾರುವ ಹಲಗೆಗೆ ಬೂಟನ್ನು ಬಿಗಿದು ಹಿಡಿಯುವ ಬೈಂಡಿಂಗುಗಳನ್ನು ಹೊರದೇಶಕ್ಕಾಗಿ ಮಾಡುತ್ತೇವೆ. ನಾವ್ಯಾರೂ ಫ್ರಿಜ್ಜಿನಾಚೆ ಹಿಮ ಕಂಡವರಲ್ಲ. ಮಾಲೀಕರು ಬಗ್ಗದ ಬೂಟು, ಹಲಗೆ, ಬಿಗಿಯದೊಂದು ಮೆತ್ತನೆಯದೊಂದು ಬೈಂಡಿಂಗ್ ಜೋಡಿ ಕೊಟ್ಟು, "ಯಾವುದಕ್ಕ ಯಾವುದು ಕೂಡತೈತಿ, ಹಾಕ್ಕೊಂಡು ನೋಡಿ ಹೇಳ್ರಿ" ಎಂದರು. ಭಾನುವಾರ ಖಾನಾಪುರದ ಮನೆಯಲ್ಲಿ, ಬಿಗಿ ಬೂಟಿಗೆ ಮೆತ್ತನೆಯದನ್ನೇ ಜೋಡಿಸಿ, ಹಲಗೆಯನ್ನು ಗಾದಿಯ ಮೇಲಿಟ್ಟು, ಎರಡೂ ಕಾಲು ಬಿಗಿದುಕೊಂಡು ಮೊಣಕಾಲು ಮಡಚಿದೆ. ಬೂಟು ಜಗ್ಗಲಿಲ್ಲ. ಬೈಂಡಿಂಗಿನ ಪಟ್ಟಿಯೇ ತಿರುಚಿಕೊಂಡು ಬಕಲ್ಲಿನ ಹಲ್ಲು ಕಚ್ಚಿ ಕೂತಿತು. ಬೂಟಿನ ಲೇಸೂ ಅದರಡಿ ಸಿಕ್ಕಿದ್ದರಿಂದ ಕಾಲು ಹೊರಬರದೆ ಗಾದಿಯ ಮೇಲೇ ಕೂತೆ. ಸಂಜೆ ಹೆಣ್ಣು ನೋಡಲು ಬರಬೇಕಿದ್ದ ನಂದಗಡದವರು ಆಗಲೇ ಬಾಗಿಲಿಗೆ ಬಂದರು.

"ಏಳಬ್ಯಾಡ್ರಿ, ಅಲ್ಲೇ ಕುಂದರ್ರಿ" ಎಂದ ಸುಮಿತ್ರಾ ನನ್ನ ಕಾಲ ಮೇಲೆ ಚಾದರ ಎಸೆದಳು. ಬೀಗರಾಗಬೇಕಾದವರು ಒಳಬಂದರೂ ನಾನು ಕೂತೇ ಕೈಮುಗಿದೆ. ಹುಡುಗನ ತಂದೆಯ ಮುಖ ಗಂಟಾಯಿತು. "ಹೆಣ್ಣಿನ ಅಪ್ಪಗ ನಮ್ಮ ಮುಂದ ಎದ್ದು ನಿಂದ್ರಾಕೂ ಭಾರ ಆತೇನು?" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಸಂಬಂಧ ತಪ್ಪಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಹುಡುಗ ನಮಸ್ಕರಿಸಲು ಬಗ್ಗಿ ಪಾದ ಹುಡುಕಿದ. ಪಾದವಿರಬೇಕಾದಲ್ಲಿ ಹಲಗೆ ಸಿಕ್ಕಿತು. ಚಾದರ ಸರಿಸಿ ನೋಡಿದವನು ಏನೂ ಕೇಳದೆ ಪಟ್ಟಿಗೆ ಕೈಹಾಕಿದ.

"ಹಂಗ ಜಗ್ಗಬ್ಯಾಡ್ರಿ, ಹರಿತೈತಿ. ಮೊದಲ ಬಕಲ್ಲಿನ ಕೊಕ್ಕಿ ಎತ್ರಿ" ಎಂದು ಒಳಗಿನಿಂದ ಕಾವೇರಿ ಬಂದಳು.

"ಎತ್ತಿದ್ರ ಹಲ್ಲು ಮುರಿತಾವ. ನೀವು ಹಿಂದ ಒತ್ರಿ" ಎಂದ ಹುಡುಗ.

"ನಾ ಯಾಕ ಒತ್ತಲಿ? ನೀವ ಒತ್ರಿ."

ಒಬ್ಬೊಬ್ಬರು ಒಂದೊಂದು ಕಾಲು ಹಿಡಿದು ಕೂತರು. ಇಬ್ಬರೂ ಸೋಲಲೊಲ್ಲರು. ಬಿಗಿಗೆ ಬಿಗಿಯೇ ಸರಿ ಎಂಬುದು ನನಗೆ ಹೊಳೆದದ್ದು ಆಗ. ಮರುದಿನ ಮಾಲೀಕರಿಗೂ ಅದನ್ನೇ ಹೇಳಿದೆ. ಅಂದು ಕೊನೆಗೆ ಪಟ್ಟಿ ಕಳಚಿದಾಗ ಇಬ್ಬರೂ ನಗುತ್ತಿದ್ದರು. ಹುಡುಗನ ತಂದೆ, "ನಮ್ಮಾಂವ ಇಷ್ಟು ಮಾತಾಡಿದ್ದು ನಾ ನೋಡೇ ಇಲ್ರಿ. ನಮಗ ಹುಡುಗಿ ಪಸಂದ ಅದಾಳ" ಎಂದರು. ಕಾವೇರಿಯೂ ಬೇಡವೆನ್ನಲಿಲ್ಲ.

ಸಂತೋಷದಿಂದ ನನ್ನ ಸಿದ್ಧಾಂತದ ಕಥೆಯನ್ನು ಬೀಗರಿಗೆ ಹೇಳತೊಡಗಿದೆ. "ಈ ಮನ್ಯಾಗ ಬಿಗಿ ಅಂದ್ರ ನಾನ ನೋಡ್ರಿ" ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಸುಮಿತ್ರಾಳ ದನಿ ಬಂತು: "ಕಾಲು ಬಿಟ್ಟಾವಲ್ಲ, ಬಂದು ಚಾ ಒಯ್ರಿ."

ಮಾತು ಅರ್ಧಕ್ಕೇ ಬಿಟ್ಟು ಎದ್ದೆ.