ಸಕ್ರಮ ಕಿವಿ

ಗುಮಾಸ್ತರು ಹೆಂಡತಿಗೆ ಗುಟ್ಟು ಹೇಳಿದ್ದೇ ತಪ್ಪಾಯಿತು.

ಬೇರೆಯವರ ಮನೆಯ ಮಾತನ್ನು ಕದ್ದು ಕೇಳಿ ಬೆರಳಚ್ಚು ಮಾಡುವುದು ಅವರ ಸರ್ಕಾರಿ ಕೆಲಸ. ಹಾಗೆ ಕೇಳಲು ಲಿಖಿತ ಆದೇಶ ಬೇಕು, ಅದೂ ಎರಡೇ ತಿಂಗಳಿಗೆ, ಎನ್ನುತ್ತದೆ ಕಾನೂನು. ಕಚೇರಿ ಕೇಳುತ್ತಿದ್ದ ನಾನೂರು ಮನೆಗಳಲ್ಲಿ ಒಂದಕ್ಕೂ ಆದೇಶವಿರಲಿಲ್ಲ. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಪುಣ್ಯಾತ್ಮ, ನಿನ್ನೆ ಸಂಜೆ ನ್ಯಾಯಾಧೀಶರಿಗೆ ದೂರು ಬರೆದು ಅಡುಗೆಮನೆಯಲ್ಲಿ ಹೆಂಡತಿಗೆ ಓದಿ ಹೇಳಿದ್ದರು. ಇವತ್ತು ಊಟದ ಬಿಡುವಿನಲ್ಲಿ ಅದನ್ನು ಕೋರ್ಟಿಗೆ ಮುಟ್ಟಿಸಬೇಕು. ಅಷ್ಟರೊಳಗೆ ಸಿಕ್ಕಿಬಿದ್ದರೆ ಕೆಲಸಕ್ಕೆ ಎಳ್ಳುನೀರು.

ಗೇಟಿನಲ್ಲೇ ಕಾವಲುಗಾರ ಹಲ್ಲು ಕಿರಿದ. "ಸಾರ್, ಲಕೋಟೆ ಒಳಜೇಬಲ್ಲಿ ಬೇಡ. ಬೆವರಿಗೆ ಶಾಯಿ ಕದಡುತ್ತೆ."

ಒಳಗೆ ಬಂದು ಕುರ್ಚಿಯಲ್ಲಿ ಕೂತರೆ, ಪಕ್ಕದ ಮೇಜಿನಾಕೆ ಪಿಸುಗುಟ್ಟಿದಳು. "ಅಣ್ಣಾ, ಎರಡನೇ ಪುಟದಲ್ಲಿ ಅಷ್ಟೊಂದು 'ದಯವಿಟ್ಟು' ಯಾಕೆ? ದೂರು ಅಂದ್ರೆ ಸ್ವಲ್ಪ ಖಾರವಾಗಿರ್ಬೇಕು."

"ಯಾವ ದೂರಮ್ಮಾ?"

"ಅದೇ, ಅತ್ತಿಗೆ ಕೇಳಿ ಅತ್ತರಲ್ಲ, ಅದು."

ಗುಮಾಸ್ತರು ಹೆಡ್‌ಫೋನ್ ಏರಿಸಿ, ದಿನದ ಮೊದಲ ಧ್ವನಿಮುದ್ರಣ ಹಾಕಿದರು. ನಲ್ಲಿ ತೊಟ್ಟಿಕ್ಕುವ ಸದ್ದು. ವಾಷರ್ ಹಾಕಿಸಿ ಎಂದು ಹೆಂಡತಿ ತಿಂಗಳಿಂದ ಗೋಗರೆಯುತ್ತಿದ್ದ ನಲ್ಲಿಯೇ ಅದು. ಆಮೇಲೆ ಅವರದೇ ದನಿ: "ಮಾನ್ಯ ನ್ಯಾಯಾಧೀಶರೇ..." ಆದರೂ ಅಭ್ಯಾಸಬಲ ನೋಡಿ, ಬೆರಳುಗಳು ತಮ್ಮಷ್ಟಕ್ಕೆ ಅಚ್ಚು ಮಾಡತೊಡಗಿದವು.

ಮುಗಿಯುವ ಹೊತ್ತಿಗೆ ಭಯ ಹೋಗಿ ಸಿಟ್ಟು ನೆತ್ತಿಗೇರಿತ್ತು. ಸೀದಾ ಸಾಹೇಬರ ಕೋಣೆಗೆ ನುಗ್ಗಿದರು. "ನನ್ನ ಮನೆ ಕೇಳೋಕೆ ಆದೇಶ ಎಲ್ಲಿ ಸಾರ್? ಇದನ್ನೂ ದೂರಿಗೆ ಸೇರಿಸ್ತೀನಿ!"

ಸಾಹೇಬರು ಎದ್ದು ನಿಂತು ಕೈಕುಲುಕಿದರು. "ನಿಮ್ಮ ಮಾತು ನೂರಕ್ಕೆ ನೂರು ನಿಜ ಕಣ್ರೀ. ಅದಕ್ಕೇ ಸಕ್ರಮವಾಗಿ ಶುರು ಮಾಡಿದೀವಿ. ನಿಮ್ಮಿಂದಲೇ."

ಆದೇಶದ ಪ್ರತಿಯನ್ನು ಮುಂದೆ ಚಾಚಿದರು. ಮೊಹರು, ಸಹಿ, ಕಾರಣ, ಎರಡು ತಿಂಗಳ ಅವಧಿ, ಗುಮಾಸ್ತರದೇ ವಿಳಾಸ. ಗುಮಾಸ್ತರು ಆದೇಶದಲ್ಲಿ ತಪ್ಪು ಹುಡುಕಿ ಸೋತರು. ತಾರೀಖು ಮಾತ್ರ ಮೊನ್ನೆಯದು.

"ಮೊನ್ನೆ ನಾನಿನ್ನೂ ಯೋಚನೆಯೇ ಮಾಡಿರ್ಲಿಲ್ಲ ಸಾರ್!"

"ಮುಂಚಿತವಾಗಿ ತಗೋಬೇಕು ಅಂತಲ್ವೇ ಕಾನೂನು? ಹೋಗಿ, ಕೋರ್ಟಿಗೆ ಕೊಟ್ಟು ಬನ್ನಿ. ಅವರು ಕಡತ ತೋರಿಸಿ ಅಂದ್ರೆ ಇದನ್ನೇ ತೋರಿಸ್ತೀವಿ. ಒಂದೇ ಒಂದು ತಪ್ಪಿಲ್ಲ. ಆದರೆ ಆದೇಶ ಗುಟ್ಟಿನದು, ಮನೇಲೂ ಬಾಯಿ ಬಿಡೋ ಹಾಗಿಲ್ಲ. ಅದೂ ಕಾನೂನೇ."

ಗುಮಾಸ್ತರು ಮೇಜಿಗೆ ಮರಳಿದಾಗ ಅವರ ಮನೆಯದೇ ಇವತ್ತಿನ ಬೆಳಗಿನ ಮುದ್ರಣ ಕಾದಿತ್ತು. ಹೆಂಡತಿ ಪಕ್ಕದ ಮನೆಯವರ ಹತ್ತಿರ ಹೆಮ್ಮೆಯಿಂದ ಹೇಳುತ್ತಿದ್ದಳು. "ನಮ್ಮೋರು ಹುಲಿ ಥರ ಹೋದ್ರು ಕಣ್ರೀ. ಯಾರಿಗೂ ಹೇಳ್ಬೇಡಿ."

ಅದನ್ನೂ ಅಚ್ಚು ಮಾಡಿ, ಕೆಳಗೆ ಸಹಿ ಹಾಕಿದರು.