ಅತ್ತಿಗೆಯ ವೇಟಿಂಗ್ ರೂಮು

ನಮ್ಮ ಅತ್ತಿಗೆಗೆ ಈ ನ್ಯೂಜಿಲೆಂಡಿನಲ್ಲಿ ಸ್ವಂತದ್ದೊಂದು ರೈಲ್ವೆ ಸ್ಟೇಷನ್ ಇತ್ತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಪರವಾಗಿಲ್ಲ. ಆದರೆ ಅಪ್ಪರ್ ಹಟ್ಟಿನಿಂದ ವೆಲ್ಲಿಂಗ್ಟನ್ನಿಗೆ ಹೋಗುವ ಲೈನಿನಲ್ಲಿ, ನಮ್ಮ ಪುಟ್ಟ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ, ನರ್ಸಿನ ಯೂನಿಫಾರಮ್ಮಿನಲ್ಲಿ ಒಬ್ಬ ಹೆಂಗಸು ಪೊರಕೆ ಹಿಡಿದು ಗುಡಿಸುವುದನ್ನೂ, ಬೆಂಚಿನ ಮೇಲೆ ಶೂ ಕಾಲಿಟ್ಟು ಕೂತ ಕಾಲೇಜು ಹುಡುಗರನ್ನು ಮನೆಯಲ್ಲೂ ಹೀಗೇ ಕೂರುತ್ತೀರಾ ಅಂತ ವಿಚಾರಿಸುವುದನ್ನೂ ನೀವು ನೋಡಿದ್ದರೆ, ಇದು ಈಕೆಯ ಸ್ವತ್ತೇ ಇರಬೇಕು ಅಂದುಕೊಳ್ಳುತ್ತಿದ್ದಿರಿ. ರೈಲ್ವೆಯವರಿಗೇ ಒಮ್ಮೊಮ್ಮೆ ಆ ಅನುಮಾನ ಬರುತ್ತಿತ್ತು!

ನಾನು ಅವರ ನಾದಿನಿ. ನಾದಿನಿ ಹೇಳುವ ಮಾತಿಗೆ ಉಪ್ಪುಖಾರ ಸ್ವಲ್ಪ ಜಾಸ್ತಿಯೇ ಬಿದ್ದಿರುತ್ತದೆ ಅಂತ ನೀವು ಅನ್ನಬಹುದು. ಒಪ್ಪಿದೆ. ಆದರೆ ಅತ್ತಿಗೆಯ ವಿಷಯದಲ್ಲಿ ಮೇಲಿಂದ ಉದುರಿಸುವ ಅಗತ್ಯವೇ ಬೀಳುವುದಿಲ್ಲ, ಅವರೇ ಸಾಕಷ್ಟು ಖಾರವಾಗಿದ್ದಾರೆ. ಮೈಸೂರಿನಲ್ಲಿ ನರ್ಸಿಂಗ್ ಓದಿ, ನನ್ನ ಅಣ್ಣನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಕಣಿವೆಯ ಕೆಳಗಿರುವ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಕೆಲಸ. ಕಾರು ಕೊಳ್ಳಲಿಲ್ಲ, ಕಲಿಯಲೂ ಇಲ್ಲ. ಈ ದೇಶದಲ್ಲಿ ಹಾಲು ತರಲಿಕ್ಕೂ ಜನ ಕಾರು ತೆಗೆಯುತ್ತಾರೆ, ಇವರು ಮಳೆಯಲ್ಲಿ ನಡೆಯುತ್ತಿರುವಾಗ ನಾನು ಪಕ್ಕದಲ್ಲಿ ಕಾರು ನಿಲ್ಲಿಸಿದರೆ, ಯಾರೋ ಕೆಟ್ಟ ಹುಡುಗ ಹಿಂದೆ ಬಿದ್ದಿದ್ದಾನೆ ಅನ್ನುವ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಮನೆ ಅಂದರೆ ಅವರಿಗೆ ಒಂದೇ ಲೆಕ್ಕ: ರೈಲು ಎಷ್ಟು ದೂರ? ಅಡುಗೆಮನೆ ಹೇಗಿದೆ, ಬಿಸಿಲು ಬೀಳುತ್ತದೋ ಇಲ್ಲವೋ, ಈಶಾನ್ಯ ಮೂಲೆಯಲ್ಲಿ ಏನಿದೆ, ಇದ್ಯಾವುದೂ ಬೇಡ. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ ನಮ್ಮ ಸೋದರಮಾವನ ಮಗ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಬಂದವರೆಲ್ಲ ಮನೆ ಅರಮನೆ ಹಾಗಿದೆ ಅಂತ ಬಾಯಿ ತುಂಬ ಹೊಗಳಿದರು. ಅತ್ತಿಗೆ ಮಾತ್ರ ಗ್ಯಾರೇಜಿನಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿ, ಬೀದಿಯ ಈ ತುದಿಯಿಂದ ಆ ತುದಿಗೆ ಬಸ್ ಸ್ಟಾಪಿಗಾಗಿ ಕಣ್ಣಾಡಿಸಿ, ಕೊನೆಗೆ ಒಳಗೆ ಬಂದು ಅವನ ಹೆಂಡತಿಯ ಕೈ ಹಿಡಿದುಕೊಂಡು, ಧೈರ್ಯ ತಗೋಮ್ಮ, ಒಂದಲ್ಲ ಒಂದು ದಿನ ಇಲ್ಲಿಗೂ ಬಸ್ಸು ಬರುತ್ತೆ ಅಂತ ಸಮಾಧಾನ ಹೇಳಿದರು. ಆ ಹುಡುಗಿ ಪಾಪ, ರೇಷ್ಮೆ ಸೀರೆಯಲ್ಲಿ ಹಾಲುಕ್ಕಿಸಿ ಖುಷಿಯಾಗಿದ್ದಳು. ಅವತ್ತಿಡೀ ಅವಳ ಮುಖ ಮೊದಲಿನ ಹಾಗಾಗಲಿಲ್ಲ.

ಇನ್ನು ರಂಗೋಲಿಯ ಕಥೆ. ನಮ್ಮ ಸ್ಟೇಷನ್ನಿನಲ್ಲಿ ಹಳೇ ಕಾಲದ ಒಂದು ವೇಟಿಂಗ್ ರೂಮಿತ್ತು. ಮರದ ಗೋಡೆ, ಕೆಂಪು ಬಣ್ಣ ಬಳಿದ ತಗಡಿನ ಸೂರು, ಒಳಗೆ ಗೋಡೆಗೆ ಹೊಂದಿಸಿ ಹೊಡೆದ ಉದ್ದದ ಬೆಂಚು, ಯಾವಾಗಲೋ ಇಟ್ಟಿಗೆ ಹಾಕಿ ಮುಚ್ಚಿದ ಬೆಂಕಿಗೂಡು. ಒಂದು ಸಂಕ್ರಾಂತಿಗೆ ಅತ್ತಿಗೆ ಅದರ ಹೊಸಿಲಿನ ಮುಂದೆ ಅಕ್ಕಿಹಿಟ್ಟಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಬರೆದು ಕೆಲಸಕ್ಕೆ ಹೋದರು. ಸಂಜೆ ಬಂದು ನೋಡಿದರೆ ಸುತ್ತ ಹಳದಿ ಟೇಪು! ಕಿತ್ತಳೆ ಬಣ್ಣದ ಜಾಕೀಟಿನ ನೌಕರನೊಬ್ಬ, ಯಾರೋ ಇಲಿ ಪಾಷಾಣ ಚೆಲ್ಲಿದ್ದಾರೆ, ಯಾರೂ ಹತ್ತಿರ ಬರಬೇಡಿ ಅಂತ ಕಾವಲು ನಿಂತಿದ್ದಾನೆ. ಅತ್ತಿಗೆ ಟೇಪಿನ ಕೆಳಗೆ ನುಸುಳಿ ಹೋದರು, ಬಗ್ಗಿ ಒಂದು ಚಿಟಿಕೆ ಹಿಟ್ಟು ತೆಗೆದು ಅವನ ಎದುರಿಗೇ ಬಾಯಿಗೆ ಹಾಕಿಕೊಂಡರು. ಅವನು ಆಂಬ್ಯುಲೆನ್ಸಿಗೆ ಫೋನು ಮಾಡಿದ. ಫೋನಿನಲ್ಲಿ ರೋಗಿಯ ಸ್ಥಿತಿ ವಿವರಿಸಿದ್ದು ಸ್ವತಃ ರೋಗಿಯೇ.

ನಗುತ್ತಾ ನಗುತ್ತಾ ನಾವೆಲ್ಲ ಒಂದು ಮಾತು ಮಾತ್ರ ಅವರ ಮುಂದೆ ಎತ್ತುತ್ತಿರಲಿಲ್ಲ. ಆ ರೂಮಿನ ಮೇಲೆ ಅಷ್ಟು ಮೋಹ ಯಾಕೆ ಅನ್ನುವುದು ನಮಗೆ ಗೊತ್ತಿತ್ತು.

ಹೊಸದಾಗಿ ಬಂದಾಗ ಅಣ್ಣ ಅತ್ತಿಗೆ ಇದ್ದದ್ದು ಯಾರ ಯಾರೋ ಫ್ಲ್ಯಾಟ್‌ಮೇಟುಗಳ ಜೊತೆ, ಒಂದು ಮಲಗುವ ಕೋಣೆಯಲ್ಲಿ. ಗೋಡೆ ಅಂದರೆ ಕಾಗದ, ಈಚೆ ಕೆಮ್ಮಿದರೆ ಆಚೆಯವರು ಔಷಧಿ ಕೊಡಬೇಕು. ಅಣ್ಣನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಸಂಜೆ ಅತ್ತಿಗೆಯ ರೈಲು ಬರುವ ಹೊತ್ತಿಗೆ ಅವನು ಕಾಫಿ ತಗೊಂಡು ಆ ವೇಟಿಂಗ್ ರೂಮಿಗೆ ಹೋಗಿ ಕೂರುತ್ತಿದ್ದ. ಗಂಡಹೆಂಡತಿ ಬಾಯಿಬಿಟ್ಟು ಮಾತಾಡಲಿಕ್ಕೆ ಊರಲ್ಲಿದ್ದ ಜಾಗ ಅದೊಂದೇ. ಮಾತಾಡಲಿಕ್ಕೆ ಅಂದೆನೇ? ಜಗಳ ಆಡಲಿಕ್ಕೆ! ವಾಪಸ್ ಹೋಗಿಬಿಡೋಣ ಅಂತ ಅವನು, ಬಂದಿದ್ದಾಗಿದೆ ಇದ್ದು ನೋಡೋಣ ಅಂತ ಇವರು. ಪಕ್ಕದಲ್ಲಿ ಕೂತ ಈ ದೇಶದ ಅಜ್ಜಿಯರು ಇವರದು ಯಾವುದೋ ಪ್ರಾರ್ಥನೆ ಇರಬೇಕು ಅಂದುಕೊಂಡು ಮರ್ಯಾದೆಯಿಂದ ಸುಮ್ಮನಿರುತ್ತಿದ್ದರಂತೆ. ಆಮೇಲೆ ಅಣ್ಣನಿಗೆ ಕೆಲಸ ಸಿಕ್ಕಿತು, ಸ್ವಂತ ಮನೆಯೂ ಆಯಿತು, ಅದೂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ. ಆದರೂ ಅವನು ಸಂಜೆ ಅಲ್ಲಿಗೆ ಹೋಗಿ ಕೂರುವುದು ತಪ್ಪಲಿಲ್ಲ. ಅಣ್ಣ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನೆಗೆ ನೆಟ್ಟಗೆ ಹೋಗಲಾರದೆ ಅತ್ತಿಗೆ ರೈಲಿಳಿದು ಅದೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಗುಡಿಸುವುದು, ರಂಗೋಲಿ ಹಾಕುವುದು ಎಲ್ಲ ಶುರುವಾದದ್ದು ಆಮೇಲೆ.

ಹೀಗಿರುವಾಗ ಹೊಸ ಯೋಜನೆ ಬಂತು. ರೈಲುಗಳು ಇನ್ನೂ ಬೇಗ ಬೇಗ ಬರುತ್ತವೆ, ಬಸ್ಸು ಸ್ಟೇಷನ್ನಿನ ಬಾಗಿಲಿಗೇ ಬಂದು ನಿಲ್ಲುತ್ತದೆ, ಸುತ್ತಲಿನ ಪಾರ್ಕಿಂಗ್ ಜಾಗದಲ್ಲಿ ಮೂರಂತಸ್ತಿನ ಮನೆಗಳು ಏಳುತ್ತವೆ, ಪ್ಲಾಟ್‌ಫಾರಮ್ಮಿಗೆ ಮೆಟ್ಟಿಲಿನ ಬದಲು ಗಾಲಿಕುರ್ಚಿ ಹತ್ತುವಂಥ ಇಳಿಜಾರು. ಅತ್ತಿಗೆ ಇಷ್ಟು ವರ್ಷ ಯಾವ ಯಾವ ಸಭೆಯಲ್ಲಿ ಏನೇನು ಕೇಳಿಕೊಂಡು ಬಂದಿದ್ದರೋ ಎಲ್ಲವೂ ಒಂದೇ ನಕ್ಷೆಯಲ್ಲಿ! ಸಿಹಿ ಮಾಡಿ ಹಂಚಬೇಕು ಅಂತ ಹೊರಟವರು ನಕ್ಷೆಯನ್ನು ಇನ್ನೊಂದು ಸಲ ನೋಡಿದರು. ಇಳಿಜಾರು ಬರುವುದು ವೇಟಿಂಗ್ ರೂಮಿರುವ ಜಾಗಕ್ಕೆ. ಪ್ಲಾಟ್‌ಫಾರಮ್ಮು ಕಿರಿದು, ಬೇರೆ ಕಡೆ ಜಾಗವಿಲ್ಲ.

ಹಳೇ ಕಟ್ಟಡ ಉಳಿಸುವವರ ಒಂದು ಸಂಘ ತಕ್ಷಣ ಎದ್ದು ನಿಂತಿತು. ಬಿಳಿ ಗಡ್ಡದ ನಿವೃತ್ತ ಮೇಷ್ಟ್ರೊಬ್ಬರು ಅದರ ಮುಖಂಡರು, ಒಳ್ಳೇ ಮನುಷ್ಯ. ಅತ್ತಿಗೆಯ ಮನೆಯಲ್ಲಿ ಮೀಟಿಂಗು, ಉಪ್ಪಿಟ್ಟು, ಕಾಫಿ. ಟೋಸ್ಟಿಗೆ ಬೆಣ್ಣೆಯ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುವುದನ್ನು ಆ ಮೇಷ್ಟ್ರು ಕಲಿತರು. ಈ ದೇಶದಲ್ಲಿ ಮರದ ಮನೆಗಳನ್ನು ಇಡಿಯಾಗಿ ಎತ್ತಿ ಲಾರಿಯ ಮೇಲೆ ಇನ್ನೊಂದು ಊರಿಗೆ ಸಾಗಿಸುತ್ತಾರಲ್ಲ, ಹಾಗೆ ಇದನ್ನೂ ಸಾಗಿಸೋಣ ಅಂತ ಮೊದಲು ಹೇಳಿದರು. ಬಡಗಿ ಬಂದು ನೆಲದಡಿ ಕುಕ್ಕಿ ನೋಡಿ, ತೊಲೆಯೆಲ್ಲ ಲಡ್ಡಾಗಿದೆ, ಎತ್ತಿದರೆ ಕೈಗೆ ಪುಡಿ ಬರುತ್ತದೆ ಅಂದ. ಅಲ್ಲಿಗೆ ಉಳಿದದ್ದು ಎರಡೇ ದಾರಿ. ರೂಮು ಬೇಕೋ, ಇಳಿಜಾರು ಬೇಕೋ? ನಗರಸಭೆಯ ವಿಚಾರಣೆಯಲ್ಲಿ ರೂಮಿನ ಪರವಾಗಿ ಅತ್ತಿಗೆ ಮಾತಾಡುವುದು ಅಂತ ತೀರ್ಮಾನವಾಯಿತು. ಹದಿನೈದು ದಿನ ನನ್ನ ಮುಂದೆ ಭಾಷಣ ಒಪ್ಪಿಸಿ ಒಪ್ಪಿಸಿ, ನನಗೇ ಅದು ಬಾಯಿಪಾಠವಾಗಿಹೋಯಿತು.

ವಿಚಾರಣೆಯ ದಿನ ಮೈಸೂರು ರೇಷ್ಮೆ ಉಟ್ಟು, ಕಾಲಿಗೆ ಡ್ಯೂಟಿ ಶೂ ಹಾಕಿಕೊಂಡು ಬಂದರು. ಅವರಿಗಿಂತ ಮೊದಲು ಮೇಷ್ಟ್ರ ಸರದಿ. ಚೆನ್ನಾಗಿಯೇ ಮಾತಾಡಿದರು. ಕೊನೆಯಲ್ಲಿ ಸದಸ್ಯರೊಬ್ಬರು ಇಳಿಜಾರಿನ ವಿಷಯ ಕೇಳಿದಾಗ, ಗಾಲಿಕುರ್ಚಿಯವರು ಈ ಸ್ಟೇಷನ್ನಿಗೆ ಎಷ್ಟು ಜನ ಬರುತ್ತಾರೆ ಹೇಳಿ, ಅಂಥವರು ಟ್ಯಾಕ್ಸಿ ಮಾಡಿಕೊಂಡು ಮುಂದಿನ ಸ್ಟೇಷನ್ನಿಗೆ ಹೋಗಬಹುದಲ್ಲ ಅಂದುಬಿಟ್ಟರು. ನನ್ನ ಪಕ್ಕದಲ್ಲಿ ಅತ್ತಿಗೆ ಕೈಯಲ್ಲಿದ್ದ ಭಾಷಣವನ್ನು ಮಡಚಿ ಬ್ಯಾಗಿಗೆ ಹಾಕಿದರು. ಆ ಮುಖ ನನಗೆ ಗೊತ್ತು. ಡ್ಯೂಟಿ ಮುಖ ಅದು.

ಎದ್ದು ಹೋಗಿ ಮೈಕಿನ ಮುಂದೆ ನಿಂತರು. ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಬಿದ್ದದ್ದು ಹೀಗೆ:

"ನನ್ನ ವಾರ್ಡಿಗೆ ಒಬ್ಬರು ಬರ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿದೆ. ಅವರ ಮನೆ ಈ ಸ್ಟೇಷನ್ನಿನ ಎದುರಿಗೇ. ಮಲಗಿದಲ್ಲಿಂದಲೇ ರೈಲಿನ ಸದ್ದು ಕೇಳಿಸುತ್ತೆ, ಹತ್ತೋಕೆ ಆಗಲ್ಲ. ಪ್ರತಿಸಲ ಮಗಳು ಕೆಲಸ ಬಿಟ್ಟು ಕರಕೊಂಡು ಬರ್ತಾಳೆ. ಈ ವಿಷಯ ನನಗೆ ಮೊದಲಿಂದಲೂ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ, ಯಾಕಂದ್ರೆ ಆ ರೂಮು ನನಗೆ ಬೇಕು. ನನ್ನ ಗಂಡ ಈಗ ನನಗೆ ಸಿಗೋದು ಅಲ್ಲೊಂದೇ ಕಡೆ."

ಆಮೇಲೆ, ಅದನ್ನು ತೆಗೆದು ಇಳಿಜಾರು ಮಾಡಿ ಅಂದರು.

ಅಧ್ಯಕ್ಷರಿಗೆ ಗೊಂದಲವಾಯಿತು. ಕನ್ನಡಕ ಏರಿಸಿಕೊಂಡು, ಹಾಗಾದರೆ ತಾವು ಯೋಜನೆಯ ಪರವೋ ವಿರೋಧವೋ ಅಂತ ಕೇಳಿದರು.

"ನನಗೆ ಇಷ್ಟವಿಲ್ಲ. ಆದರೂ ಮಾಡಿ."

ಅದನ್ನು ಯಾವ ಪಟ್ಟಿಗೆ ಸೇರಿಸಬೇಕು ಅಂತ ಗೊತ್ತಾಗದೆ ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ಹಿಡಿದು ಕೂತಿದ್ದಳು. ಮೇಷ್ಟ್ರು ಹೊರಗೆ ಸಿಕ್ಕಾಗ ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೋದರು. ಅದು ಸಿಟ್ಟೋ ಗೌರವವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ, ಹದಿನೈದು ದಿನ ನನ್ನ ತಲೆ ತಿಂದಿರಲ್ಲ ಅತ್ತಿಗೆ, ಆ ಭಾಷಣ ಏನಾಯಿತು ಅಂತ ರೇಗಿಸಲು ನೋಡಿದೆ. ಅವರು ಕಿಟಕಿಯ ಕಡೆಗೆ ತಿರುಗಿ ಕೂತರು.

ಕೆಡವಿದ್ದು ಚಳಿಗಾಲದ ಒಂದು ಬುಧವಾರ. ಇಲ್ಲಿ ಚಳಿ ಹೊತ್ತು ತರುವ ದಕ್ಷಿಣದ ಗಾಳಿ ಮೂಳೆ ಕೊರೆಯುತ್ತಿತ್ತು. ಅವತ್ತು ರೈಲಿಲ್ಲ, ಬದಲಿ ಬಸ್ಸು. ಅತ್ತಿಗೆ ರಜೆ ಹಾಕಿ ಬೆಳಗ್ಗೆಯಿಂದ ಬೇಲಿಯ ಆಚೆ ನಿಂತಿದ್ದರು, ನಾನು ಜೊತೆಗಿದ್ದೆ. ಅಷ್ಟು ವರ್ಷ ನಿಂತ ರೂಮು ಬೀಳುವುದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಸಂಘದವರೆಲ್ಲ ನೆನಪಿಗೆಂದು ಒಂದೊಂದು ಹಲಗೆ ಕೇಳಿ ಪಡೆದರು. ಇವರಿಗೂ ಬೆಂಚಿನ ಒಂದು ತುಂಡು ಕೊಡಲು ಬಂದರು, ಇವರು ಕೈ ಮುಗಿದು ಬೇಡ ಅಂದರು. ಕೊನೆಯ ಲಾರಿ ಹೋಗುವವರೆಗೂ ಇದ್ದು ಮನೆಗೆ ನಡೆದರು. ಬಂದವರೇ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದರು, ಒದ್ದೆ ಕೂದಲಲ್ಲೇ ಬಂದು ಹಜಾರದ ನೆಲದ ಮೇಲೆ ಕೂತರು.

ಚಳಿಯಲ್ಲಿ ನಿಂತು ಬಂದಿದ್ದಾರೆ, ಹೊಟ್ಟೆಗೇನೂ ಬಿದ್ದಿಲ್ಲ, ಒಂದಿಷ್ಟು ಅನ್ನಕ್ಕಿಡೋಣ ಅಂತ ನಾನು ಅಡುಗೆಮನೆಗೆ ಹೋದೆ.

"ಒಲೆ ಹಚ್ಚಬೇಡ ಕಣೇ. ನಿಮ್ಮನೆಯಿಂದ ಮಾಡಿಕೊಂಡು ಬಾ."

ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ, ನೆಂಟರೋ ನೆರೆಯವರೋ ಅನ್ನ ತಂದು ಬಡಿಸುತ್ತಾರೆ. ನಮ್ಮಲ್ಲಿ ಅದು ಪದ್ಧತಿ. ಸ್ಟೇಷನ್ನಿನ ರೂಮಿಗೂ ಸೂತಕವೇ ಅಂತ ನನಗೆ ನಗು ಬಂತು. ಅತ್ತಿಗೆ, ಇದು ಅತಿಯಾಯಿತು ಅನ್ನಲು ಬಾಗಿಲಿಗೆ ಬಂದೆ.

"ನಿಮ್ಮಣ್ಣ ಹೋದಾಗ ಲಾಕ್‌ಡೌನು," ಅಂದರು ಅತ್ತಿಗೆ. "ಆಸ್ಪತ್ರೆಯಿಂದಲೇ ಅವರನ್ನು ತಗೊಂಡು ಹೋದರು, ನಾನೊಬ್ಬಳೇ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಯಾರೂ ಬರೋ ಹಾಗಿರಲಿಲ್ಲ, ನಿನ್ನನ್ನೂ ಬಿಡಲಿಲ್ಲ. ಹಸಿವಾಯಿತು. ನಾನೇ ಒಲೆ ಹಚ್ಚಿ, ನಾನೇ ಅನ್ನ ಮಾಡಿ, ನಾನೇ ಬಡಿಸಿಕೊಂಡು ತಿಂದೆ. ಅವತ್ತು ನನಗೆ ಯಾರೂ ಬಡಿಸಲಿಲ್ಲ ಕಣೇ. ಇವತ್ತು ನೀನು ಬಡಿಸು."

ಮನೆಗೆ ಹೇಗೆ ಹೋದೆನೋ, ಅನ್ನ ತಿಳಿಸಾರು ಹೇಗೆ ಮಾಡಿದೆನೋ ನೆನಪಿಲ್ಲ. ಮಾಡಿಕೊಂಡು ಬಂದು, ಅವರ ಮುಂದೆ ತಟ್ಟೆಯಿಟ್ಟು ಬಡಿಸಿದೆ. ತಲೆ ತಗ್ಗಿಸಿಕೊಂಡು ಊಟ ಮಾಡಿದರು. ಅಣ್ಣ ಸತ್ತ ಮೇಲೆ ಅತ್ತಿಗೆ ಅತ್ತದ್ದನ್ನು ನಾವ್ಯಾರೂ ನೋಡಿರಲಿಲ್ಲ. ಎರಡನೇ ಸಲ ಅನ್ನ ಹಾಕಲು ಬಗ್ಗಿದಾಗ ಅವರ ಅಳು ಒಡೆಯಿತು, ಕೈಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. ಸಾಕು ಅನ್ನಲಿಲ್ಲ. ನಾನು ಬಡಿಸಿದೆ.